ಮಹಾಪದವಿಯ ಚುನಾವಣೆಯೂ ನಾಲ್ಕು ತಾಲ್ಲೂಕುಗಳ ಮತದಾರರೂ

ದೇಶದ ಅತ್ಯುನ್ನತ ಪದವಿಗೆ ಯಾರು ಬರಬೇಕೆಂಬುದನ್ನು ಸಾಮಾನ್ಯ ಪ್ರಜೆಯೇ ನೇರವಾಗಿ ನಿರ್ಣಯಿಸುವ ಪದ್ಧತಿ ಕೆಲವು ರಾಷ್ಟ್ರಗಳಲ್ಲಿ ಉಂಟು. ಫ್ರಾನ್ಸ್ ದೇಶದಲ್ಲಿ ೧೯೬೫ರಿಂದ ಈಚೆಗೆ ಅಧ್ಯಕ್ಷನನ್ನು ಆರಿಸುವವರು ಪ್ರಜೆಗಳೇ. ಭಾರತದ ಸಂವಿಧಾನವು ಈ ಮಾರ್ಗವನ್ನು ಹಿಡಿಯಲಿಲ್ಲ. ಅದರ ೫೪ನೆಯ ಅನುಚ್ಛೇದದಂತೆ ರಾಷ್ಟ್ರಪತಿಯನ್ನು ಆರಿಸುವವರು ಪಾರ್ಲಿಮೆಂಟಿನ ಉಭಯ ಸಭೆಗಳ ಮತ್ತು ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರು ಮಾತ್ರ. ಆದುದರಿಂದ ಮಾಗಡಿಯ ರೈತನಾಗಲಿ, ಚನ್ನಪಟ್ಟಣದ ಬೊಂಬೆ ಕಡೆಯುವ ಕುಶಲಿಯಾಗಲಿ, ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತರುವವನಾಗಲಿ, ಕನಕಪುರದ ಕಲ್ಲುಕೆಲಸಗಾರನಾಗಲಿ ಆ ಚುನಾವಣೆಯ ದಿನ ಮತಗಟ್ಟೆಗೆ ಹೋಗುವುದಿಲ್ಲ. ಅವನ ಪಾಲಿನ ಮತವನ್ನು ಅವನ ಪ್ರತಿನಿಧಿಯೇ ಗುಟ್ಟಾಗಿ ಹಾಕಿ ಬರುತ್ತಾನೆ.

ಆ ಪಾಲು ಎಷ್ಟೆಂಬುದನ್ನು ಲೆಕ್ಕ ಹಾಕಿಯೇ ಹೇಳಬಹುದು. ೧೯೭೧ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯನ್ನು ವಿಧಾನಸಭೆಯ ೨೨೪ ಸ್ಥಾನಗಳಿಂದ ಭಾಗಿಸಿ, ಬಂದ ಫಲವನ್ನು ಪುನಃ ಸಾವಿರದಿಂದ ಭಾಗಿಸಿದರೆ ೧೩೧ ಎಂಬ ಬೆಲೆ ದೊರೆಯುತ್ತದೆ. ೨೦೨೨ರ ಜುಲೈ ೧೮ರಂದು ದ್ರೌಪದಿ ಮುರ್ಮು ಅವರಿಗೂ ಯಶವಂತ ಸಿನ್ಹಾ ಅವರಿಗೂ ನಡೆದ ಸ್ಪರ್ಧೆಯಲ್ಲಿ ಕರ್ನಾಟಕದ ಒಬ್ಬೊಬ್ಬ ಶಾಸಕನ ಮತಕ್ಕೂ ಇದ್ದ ಬೆಲೆ ಇದೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ಕ್ಷೇತ್ರಗಳ ಬೆಲೆಯನ್ನು ಕೂಡಿಸಿದರೆ ೫೨೪ ಆಗುತ್ತದೆ. ಇಡೀ ದೇಶದ ಮೊತ್ತವೋ ಹತ್ತು ಲಕ್ಷವನ್ನು ಮೀರಿತ್ತು. ಇಷ್ಟನ್ನೇ ನೋಡಿದರೆ, ಮಹಾಪದವಿಗಳ ವಿಷಯದಲ್ಲಿ ಈ ಸೀಮೆಯ ಮತದಾರನು ಕೇವಲ ಪ್ರೇಕ್ಷಕನೆಂದು ತೋರುವುದು ಸಹಜ. ಆದರೆ ಇಲ್ಲಿಯ ಎಪ್ಪತ್ತು ವರ್ಷಗಳ ಚುನಾವಣೆಯ ಚರಿತ್ರೆ ಬೇರೊಂದು ಮಾತನ್ನು ಹೇಳುತ್ತದೆ. ತನ್ನನ್ನು ಕೇಳದೆ ನಡೆದ ಚುನಾವಣೆಗೆ ಅವನು ತನ್ನ ಸರದಿ ಬಂದಾಗ ಉತ್ತರ ಕೊಟ್ಟಿದ್ದಾನೆ. ನಾಡಿನ ಮುಖ್ಯಮಂತ್ರಿಯಾಗತಕ್ಕವರು ತನ್ನ ಬಾಗಿಲಿಗೆ ಬಂದಾಗ ಅವರನ್ನು ತೂಗಿ ನೋಡಿದ್ದಾನೆ.

ಆಳುವವರನ್ನು ಆರಿಸುವ ಅಧಿಕಾರ ಈ ಜನಕ್ಕೆ ಬಹುಕಾಲ ಇರಲಿಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ೧೮೮೧ರ ಅಕ್ಟೋಬರ್ ೭ರಂದು, ಮೈಸೂರಿನಲ್ಲಿ ಪ್ರಜಾಪ್ರತಿನಿಧಿಸಭೆ ಮೊದಲ ಸಲ ಕೂಡಿತು. ಸಂಸ್ಥಾನದ ನಾನಾ ಕಡೆಗಳಿಂದ ಬಂದ ೧೪೪ ಮಂದಿ ಜಮೀನುದಾರರೂ ವರ್ತಕರೂ ಅದರಲ್ಲಿ ಕುಳಿತರು. ಅವರು ಕಷ್ಟಸುಖಗಳನ್ನು ಬಿನ್ನವಿಸಬಹುದಾಗಿತ್ತೇ ಹೊರತು ದಿವಾನರನ್ನು ನೇಮಿಸುವ ಮಾತಿನಲ್ಲಿ ಅವರಿಗೆ ಪಾತ್ರವಿರಲಿಲ್ಲ. ಅದು ಅರಮನೆಗೆ ಸೇರಿದ ವಿಷಯವಾಗಿತ್ತು. ೧೯೪೭ರ ಸೆಪ್ಟೆಂಬರಿನಲ್ಲಿ ನಡೆದ ಮೈಸೂರು ಚಲೋ ಚಳವಳಿಯ ಫಲವಾಗಿ ಜವಾಬ್ದಾರಿ ಸರ್ಕಾರ ಬಂದು, ಆ ವರ್ಷದ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಸ್ಥಾಪನೆಯಾಯಿತು. ಆಗಲೂ ವಯಸ್ಕರೆಲ್ಲರಿಗೂ ಮತವಿರಲಿಲ್ಲ. ಹೆಂಗಸರೂ ಗಂಡಸರೂ ಬಡವರೂ ಬಲ್ಲಿದರೂ ಸರಿಸಮನಾಗಿ ಮತ ಹಾಕಿದ್ದು ಪ್ರಥಮ ಮಹಾಚುನಾವಣೆಯಲ್ಲಿ.

ಆ ಚುನಾವಣೆಯಲ್ಲಿಯೇ ಈ ಸೀಮೆಯ ವಿಶೇಷವು ಮೊದಲಾಯಿತೆನ್ನಬಹುದು. ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ೧೯೦೮ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು ರಾಮನಗರದಿಂದ ಆರಿಸಿ ಬಂದು, ೧೯೫೨ರ ಮಾರ್ಚ್ ೩೦ರಂದು ಮೈಸೂರಿನ ಮುಖ್ಯಮಂತ್ರಿಗಳಾದರು. ಊರಿನವರೇ ಮತ ಕೊಟ್ಟ ಊರಿನ ಮಗನು ನಾಡಿನ ಆಡಳಿತಸೂತ್ರವನ್ನು ಹಿಡಿದುದು ಹಳೆಯ ತಲೆಮಾರಿಗೆ ಸಣ್ಣ ಸಂಗತಿಯಾಗಿ ಕಂಡಿರಲಾರದು. ವಿಧಾನಸೌಧವನ್ನು ಕಟ್ಟಿಸಿದವರೆಂದು ಅವರ ಹೆಸರು ಎಲ್ಲರ ಬಾಯಲ್ಲಿದೆ. ಆದರೆ ಅದಕ್ಕಿಂತ ಹಿರಿದಾದ ಕಾರ್ಯವೊಂದಿದೆ. ಕನ್ನಡನಾಡು ಒಂದಾದರೆ ತಮ್ಮ ಪ್ರಾಬಲ್ಯ ಕುಂದೀತೆಂದು ಹಳೆಯ ಮೈಸೂರಿನ ಅನೇಕರು ಅಂಜುತ್ತಿದ್ದ ಕಾಲದಲ್ಲಿ ಹನುಮಂತಯ್ಯನವರು ಏಕೀಕರಣದ ಪಕ್ಷವನ್ನು ಹಿಡಿದರು. ಏಕೀಕೃತ ರಾಜ್ಯ ಉದಯಿಸಿದ್ದು ೧೯೫೬ರ ನವೆಂಬರ್ ೧ರಂದು. ಅವರು ಅಧಿಕಾರವನ್ನು ಬಿಟ್ಟುಕೊಟ್ಟಿದ್ದು ಅದಕ್ಕೆ ಎರಡು ತಿಂಗಳು ಮುಂಚೆ, ಆಗಸ್ಟಿನಲ್ಲಿ. ಹೀಗೆ ಪದವಿ ಹೋಗಿದ್ದರೂ ೧೯೫೭ರಲ್ಲಿ ರಾಮನಗರದ ಮತದಾರರು ಅವರನ್ನು ಕೈಬಿಡದೆ ಮತ್ತೆ ಆರಿಸಿದರು. ಮತ ಬಿದ್ದದ್ದು ಪದವಿಗಲ್ಲ, ಮನುಷ್ಯನಿಗೆ ಎಂಬುದು ಆ ಸಲ ಸ್ಪಷ್ಟವಾಯಿತು.

ರಾಷ್ಟ್ರಪತಿಯ ಚುನಾವಣೆಗೆ ಸಾಮಾನ್ಯ ಮತದಾರನು ಕೊಟ್ಟ ಉತ್ತರ ಎಂಥದೆಂಬುದಕ್ಕೆ ೧೯೬೯ನೆಯ ವರ್ಷವು ಉದಾಹರಣೆಯಾಗಿದೆ. ಆ ವರ್ಷದ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕೀರ್ ಹುಸೇನರು ಕಾಲವಾದರು. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ಸಿನ ಮುಖಂಡರು ನೀಲಂ ಸಂಜೀವ ರೆಡ್ಡಿಯವರನ್ನು ಪಕ್ಷದ ಉಮೇದುವಾರರನ್ನಾಗಿ ಗೊತ್ತುಮಾಡಿದರು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರು ಎಸ್. ನಿಜಲಿಂಗಪ್ಪನವರು. ಪ್ರಧಾನಮಂತ್ರಿ ಇಂದಿರಾ ಗಾಂಧಿಯವರಿಗೆ ಈ ಆಯ್ಕೆ ಒಪ್ಪಿಗೆಯಾಗಲಿಲ್ಲ. ಸದಸ್ಯರು ತಮ್ಮ ಆತ್ಮಸಾಕ್ಷಿಯಂತೆ ಮತ ಹಾಕಬೇಕೆಂಬ ಘೋಷಣೆ ಹೊರಟಿತು. ೧೯೬೫ರಿಂದ ೧೯೬೭ರವರೆಗೆ ಮೈಸೂರಿನ ರಾಜ್ಯಪಾಲರಾಗಿದ್ದ ವಿ.ವಿ. ಗಿರಿಯವರು ಸ್ವತಂತ್ರರಾಗಿ ನಿಂತಿದ್ದರು. ಆಗಸ್ಟ್ ೨೦ರಂದು ಎಣಿಕೆ ನಡೆದಾಗ ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಎರಡನೆಯ ಪ್ರಾಶಸ್ತ್ಯಗಳನ್ನು ಕೂಡಿಸಿದ ಮೇಲೆ ಗಿರಿಯವರಿಗೆ ೪,೨೦,೦೭೭, ರೆಡ್ಡಿಯವರಿಗೆ ೪,೦೫,೪೨೭ ಎಂದು ತೀರ್ಮಾನವಾಯಿತು. ಅದೇ ವರ್ಷದ ಕೊನೆಯೊಳಗೆ ಕಾಂಗ್ರೆಸ್ಸು ಇಬ್ಭಾಗವಾಯಿತು.

ಈ ಜಗಳ ಕನಕಪುರದ ಮನೆಯೊಳಕ್ಕೇ ಬಂದಿತ್ತು. ೧೯೬೭ರಿಂದ ಕನಕಪುರ ಲೋಕಸಭಾಕ್ಷೇತ್ರದ ಸದಸ್ಯರಾಗಿದ್ದವರು ಎಂ.ವಿ. ರಾಜಶೇಖರನ್, ಅವರು ಆ ತಾಲ್ಲೂಕಿನ ಮರಳವಾಡಿಯವರು ಮತ್ತು ನಿಜಲಿಂಗಪ್ಪನವರ ಅಳಿಯಂದಿರು. ದೆಹಲಿಯಲ್ಲಿ ಒಡೆದ ಪಕ್ಷದ ಒಂದು ಭಾಗದ ಯಜಮಾನರಿಗೆ ಇಲ್ಲಿಯ ಪ್ರತಿನಿಧಿ ಹತ್ತಿರದ ಬಂಧುವೇ ಆಗಿದ್ದರು. ರಾಜ್ಯದಲ್ಲಿ ವೀರೇಂದ್ರ ಪಾಟೀಲರ ಸರ್ಕಾರವೂ ಆ ಪಕ್ಷದ್ದೇ. ಅಧಿಕಾರವೂ ಬಂಧುತ್ವವೂ ಒಂದೆಡೆ ಸೇರಿದ್ದಾಗ ಮತದಾರನು ಅತ್ತಲೇ ವಾಲುವನೆಂದು ಯಾರಾದರೂ ಎಣಿಸಿದ್ದರೆ ೧೯೭೧ರ ಮಾರ್ಚ್ ಅವರನ್ನು ಸುಳ್ಳಾಗಿಸಿತು. ಮೈಸೂರು ರಾಜ್ಯದ ೨೭ ಲೋಕಸಭಾಸ್ಥಾನಗಳಲ್ಲಿ ಇಪ್ಪತ್ತೇಳನ್ನೂ ಇಂದಿರಾ ಗಾಂಧಿಯವರ ಪಕ್ಷವೇ ಗೆದ್ದಿತು. ಕನಕಪುರದಿಂದ ಆರಿಸಿ ಬಂದವರು ಸಿ.ಕೆ. ಜಾಫರ್ ಷರೀಫ್. ಅದೇ ತಿಂಗಳು ವೀರೇಂದ್ರ ಪಾಟೀಲರ ಸರ್ಕಾರ ಬಿದ್ದುಹೋಯಿತು. ಮರುವರ್ಷ ದೇವರಾಜ ಅರಸರು ಮುಖ್ಯಮಂತ್ರಿಗಳಾದರು. ರಾಷ್ಟ್ರಪತಿಯನ್ನು ಆರಿಸುವಾಗ ಮತದಾರನನ್ನು ಯಾರೂ ಕೇಳಿರಲಿಲ್ಲ. ಆ ಚುನಾವಣೆಯಿಂದ ಹುಟ್ಟಿದ ವ್ಯಾಜ್ಯಕ್ಕೆ ಕಡೆಯ ತೀರ್ಪನ್ನು ಬರೆದವನು ಮಾತ್ರ ಅವನೇ.

ಇದಾದ ಮೇಲೆ ರಾಷ್ಟ್ರಪತಿಯ ಪದವಿಗೆ ನಿಲ್ಲುವ ದಾರಿಯನ್ನು ಕಾನೂನು ಕಿರಿದುಗೊಳಿಸಿತು. ಮೂವತ್ತೈದು ವರ್ಷ ತುಂಬಿದ, ಲೋಕಸಭೆಗೆ ಆರಿಸಿ ಬರಲು ಅರ್ಹನಾದ ಪ್ರಜೆಗೆ ಆ ಪದವಿಗೆ ಸ್ಪರ್ಧಿಸುವ ಹಕ್ಕು ಇದೆಯೆಂದು ಸಂವಿಧಾನ ಹೇಳುತ್ತದೆ. ಆದರೆ ೧೯೭೪ರ ತಿದ್ದುಪಡಿ ಹತ್ತು ಮಂದಿ ಸೂಚಕರನ್ನೂ ಹತ್ತು ಮಂದಿ ಅನುಮೋದಕರನ್ನೂ ಕೇಳಿತು. ೧೯೯೭ರಲ್ಲಿ ಆ ಸಂಖ್ಯೆ ಐವತ್ತೈವತ್ತಾಯಿತು, ಠೇವಣಿ ೧೫,೦೦೦ ರೂಪಾಯಿಗೆ ಏರಿತು. ಹುಡುಗಾಟದ ಉಮೇದುವಾರಿಕೆಗಳನ್ನು ತಡೆಯಲು ಇದು ಅವಶ್ಯವಾಗಿದ್ದಿತು. ಆದರೂ ನೂರು ಮಂದಿ ಶಾಸಕರ, ಸಂಸದರ ಸಹಿಯಿಲ್ಲದೆ ಯಾರೂ ಕಣಕ್ಕಿಳಿಯಲಾರರೆಂಬ ಈ ಏರ್ಪಾಡಿನಿಂದ ಸಾಮಾನ್ಯನಿಗೂ ಆ ಪದವಿಗೂ ನಡುವಣ ದೂರ ಹೆಚ್ಚಿತು. ಆದಕಾರಣ ಮಹಾಪದವಿಯ ವಿಷಯದಲ್ಲಿ ತನ್ನ ಮನಸ್ಸನ್ನು ತಿಳಿಸಲು ಅವನಿಗೆ ಉಳಿದ ಸ್ಥಳ ತನ್ನ ಸ್ವಂತ ಕ್ಷೇತ್ರವೇ. ಅಲ್ಲಿ ಬಂದು ಮತ ಕೇಳಿದವರಲ್ಲಿ ಭಾವೀ ಮುಖ್ಯಮಂತ್ರಿಗಳಿಗೆ ಕೊರತೆಯಿರಲಿಲ್ಲ.

೧೯೮೩ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾದಾಗ ಅವರು ವಿಧಾನಸಭೆಯ ಸದಸ್ಯರಾಗಿರಲಿಲ್ಲ. ಕನಕಪುರದಿಂದ ಗೆದ್ದಿದ್ದ ಪಿ.ಜಿ.ಆರ್. ಸಿಂಧ್ಯ ಅವರು ಸ್ಥಾನವನ್ನು ತೆರವು ಮಾಡಿಕೊಟ್ಟರು. ಉಪಚುನಾವಣೆಯಲ್ಲಿ ಕನಕಪುರವು ಉತ್ತರ ಕನ್ನಡದ ಹೆಗಡೆಯವರನ್ನು ತನ್ನವರೆಂದು ಸ್ವೀಕರಿಸಿತು. ೧೯೮೪ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿಯವರ ಹತ್ಯೆಯ ತರುವಾಯ ನಡೆದ ಲೋಕಸಭಾ ಚುನಾವಣೆಯಲ್ಲಿ, ಕರ್ನಾಟಕದ ೨೮ ಸ್ಥಾನಗಳಲ್ಲಿ ೨೪ ಕಾಂಗ್ರೆಸ್ಸಿಗೆ ಹೋದವು. ಕನಕಪುರದ ಲೋಕಸಭಾಸ್ಥಾನವೂ ಅವುಗಳಲ್ಲಿ ಒಂದು. ಹೆಗಡೆಯವರು ಅದನ್ನು ತಮ್ಮ ಸರ್ಕಾರಕ್ಕೆ ಬಂದ ತೀರ್ಪೆಂದು ಭಾವಿಸಿ ರಾಜೀನಾಮೆಯಿತ್ತು ಹೊಸ ಚುನಾವಣೆಯನ್ನು ಬೇಡಿದರು. ಮೂರೇ ತಿಂಗಳ ಮೇಲೆ, ೧೯೮೫ರ ಮಾರ್ಚಿನಲ್ಲಿ, ಅದೇ ಮತದಾರರು ಜನತಾ ಪಕ್ಷಕ್ಕೆ ೨೨೪ರಲ್ಲಿ ೧೩೯ ಸ್ಥಾನಗಳನ್ನು ಕೊಟ್ಟರು. ಆಗ ಹೆಗಡೆಯವರು ಬೆಂಗಳೂರಿನ ಬಸವನಗುಡಿಗೆ ಹೋಗಿದ್ದರು. ಕನಕಪುರದ ಸ್ಥಾನ ಸಿಂಧ್ಯ ಅವರಿಗೆ ಮರಳಿತು. ದೆಹಲಿಗೆ ಒಬ್ಬರು, ಬೆಂಗಳೂರಿಗೆ ಒಬ್ಬರು ಎಂದು ವಿಂಗಡಿಸಿ ಮತ ಹಾಕುವ ವಿವೇಕ ಓದುಬರಹ ಬಲ್ಲವರ ಸೊತ್ತು ಮಾತ್ರವಲ್ಲವೆಂಬುದು ಆಗ ಇಡೀ ದೇಶಕ್ಕೆ ವಿದಿತವಾಯಿತು.

೧೯೯೪ರಲ್ಲಿ ಎಚ್.ಡಿ. ದೇವೇಗೌಡರು ಹಾಸನದ ಸೀಮೆಯಿಂದ ಬಂದು ರಾಮನಗರದಲ್ಲಿ ನಿಂತು ಗೆದ್ದರು. ಆ ಡಿಸೆಂಬರಿನಲ್ಲಿಯೇ ಮುಖ್ಯಮಂತ್ರಿಗಳಾದರು. ೧೯೯೬ರ ಜೂನ್ ೧ರಂದು ಭಾರತದ ಪ್ರಧಾನಮಂತ್ರಿಯ ಪದವಿ ಅವರಿಗೆ ಬಂದಿತು. ಹನುಮಂತಯ್ಯನವರ ಊರಿನ ಶಾಸಕರು ದೇಶದ ಆಡಳಿತಕ್ಕೆ ಹೋದದ್ದರಿಂದ ರಾಮನಗರಕ್ಕೆ ದೊರೆತ ಕೀರ್ತಿ ಅಲ್ಪವಾದುದಲ್ಲ. ಅದೇ ವರ್ಷ ಅವರ ಮಗ ಎಚ್.ಡಿ. ಕುಮಾರಸ್ವಾಮಿಯವರು ಕನಕಪುರದಿಂದ ಲೋಕಸಭೆಗೆ ಆರಿಸಿ ಬಂದರು. ಇಷ್ಟಾದ ಮೇಲೆ ಈ ಕ್ಷೇತ್ರಗಳು ಒಂದು ಮನೆತನಕ್ಕೆ ಜಹಗೀರಾಗಿ ನಿಂತವೆಂದು ಹೊರಗಿನವರು ತಿಳಿಯುವುದು ಸಹಜವಾಗಿತ್ತು. ಮತದಾರರು ಹಾಗೆ ತಿಳಿಯಲಿಲ್ಲ. ದೇವೇಗೌಡರು ತೆರವು ಮಾಡಿದ ರಾಮನಗರಕ್ಕೆ ನಡೆದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಸಿ.ಎಂ. ಲಿಂಗಪ್ಪನವರು ಗೆದ್ದರು. ೧೯೯೮ರಲ್ಲಿ ಕುಮಾರಸ್ವಾಮಿಯವರು ಕನಕಪುರವನ್ನು ಕಳೆದುಕೊಂಡರು. ಭಾರತೀಯ ಜನತಾ ಪಕ್ಷದ ಎಂ. ಶ್ರೀನಿವಾಸ್ ಆರಿಸಿ ಬಂದರು.

ಮುಂದಿನ ಕೆಲವು ವರ್ಷಗಳ ಏರಿಳಿತ ಇನ್ನೂ ಗಮನಾರ್ಹವಾದುದು. ೨೦೦೨ರ ಕನಕಪುರ ಲೋಕಸಭಾ ಉಪಚುನಾವಣೆಯಲ್ಲಿ ದೇವೇಗೌಡರು ಕಾಂಗ್ರೆಸ್ಸಿನ ಡಿ.ಕೆ. ಶಿವಕುಮಾರರನ್ನು ಸೋಲಿಸಿದರು. ಎರಡು ವರ್ಷವಾಗುವಷ್ಟರಲ್ಲಿ, ೨೦೦೪ರಲ್ಲಿ, ಅದೇ ಕ್ಷೇತ್ರದಲ್ಲಿ ರಾಜಕೀಯಕ್ಕೆ ಹೊಸಬರಾದ ತೇಜಸ್ವಿನಿ ಶ್ರೀರಮೇಶ್ ಅವರು ಕಾಂಗ್ರೆಸ್ಸಿನಿಂದ ನಿಂತು, ಪ್ರಧಾನಿಯಾಗಿದ್ದ ಗೌಡರನ್ನು ಸೋಲಿಸಿದರು. ಅದೇ ಕಾಲಕ್ಕೆ ನಡೆದ ವಿಧಾನಸಭಾ ಚುನಾವಣೆಯಲ್ಲಿ ರಾಮನಗರವು ಕುಮಾರಸ್ವಾಮಿಯವರನ್ನು ಆರಿಸಿತು. ಆ ಲೋಕಸಭಾಕ್ಷೇತ್ರ ಬೆಂಗಳೂರಿನ ಅಂಚಿನವರೆಗೂ ಹಬ್ಬಿದ್ದುದರಿಂದ ಅದರ ಫಲಿತಾಂಶವನ್ನೆಲ್ಲ ಈ ತಾಲ್ಲೂಕುಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ತಂದೆಗೆ ಒಂದು, ಮಗನಿಗೆ ಒಂದು ಎಂಬ ಬೇರೆ ಬೇರೆ ತೀರ್ಪುಗಳು ಒಂದೇ ಕಾಲದಲ್ಲಿ ಹೊರಬಿದ್ದವೆಂಬುದು ನಿಜ.

ಕುಮಾರಸ್ವಾಮಿಯವರು ೨೦೦೬ರ ಫೆಬ್ರವರಿ ೩ರಂದು ಮುಖ್ಯಮಂತ್ರಿಗಳಾದರು. ೨೦೦೭ರಲ್ಲಿ, ಅವರ ಆಡಳಿತಕಾಲದಲ್ಲಿಯೇ, ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಈ ನಾಲ್ಕು ತಾಲ್ಲೂಕುಗಳನ್ನು ಬೇರ್ಪಡಿಸಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. ಆ ಜಿಲ್ಲೆಗೆ ೨೦೨೫ರಲ್ಲಿ ರಾಜ್ಯ ಸರ್ಕಾರ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟಿತು. ಅಧಿಕಾರದಲ್ಲಿರುವ ತಮ್ಮವರಿಂದ ಊರಿಗೆ ಏನು ಲಾಭವೆಂದು ಕೇಳುವವರಿಗೆ ಜಿಲ್ಲೆಯ ರಚನೆ ಒಂದು ಉತ್ತರವಾಗಿತ್ತು. ಕಚೇರಿಗಳು ಹತ್ತಿರವಾದವು, ರಾಮನಗರ ಜಿಲ್ಲಾಕೇಂದ್ರವಾಯಿತು. ರಾಮನಗರವು ೨೦೦೮, ೨೦೧೩, ೨೦೧೮ ಈ ಮೂರು ಚುನಾವಣೆಗಳಲ್ಲಿಯೂ ಕುಮಾರಸ್ವಾಮಿಯವರನ್ನು ಆರಿಸಿದ್ದಕ್ಕೆ ಇದೂ ಒಂದು ಕಾರಣವಾಗಿದ್ದೀತು.

ಆದರೆ ದೊಡ್ಡವರನ್ನು ಆರಿಸಿದ ಕ್ಷೇತ್ರಕ್ಕೆ ಒಂದು ತೊಡಕೂ ಉಂಟು. ಅವರು ಮೇಲಕ್ಕೆ ಹೋದಾಗ ಅಥವಾ ಎರಡು ಸ್ಥಾನಗಳಲ್ಲಿ ಗೆದ್ದಾಗ ಒಂದು ಊರು ಬರಿದಾಗುತ್ತದೆ. ೨೦೦೯ರಲ್ಲಿ ಕುಮಾರಸ್ವಾಮಿಯವರು ಲೋಕಸಭೆಗೆ ಹೋದುದರಿಂದ ರಾಮನಗರಕ್ಕೆ ಉಪಚುನಾವಣೆ ಬಂದಿತು. ೨೦೧೮ರಲ್ಲಿ ಅವರು ಚನ್ನಪಟ್ಟಣ, ರಾಮನಗರ ಎರಡರಲ್ಲಿಯೂ ಗೆದ್ದು, ಮೇ ೨೩ರಂದು ಎರಡನೆಯ ಸಲ ಮುಖ್ಯಮಂತ್ರಿಗಳಾಗಿ, ಚನ್ನಪಟ್ಟಣವನ್ನು ಉಳಿಸಿಕೊಂಡರು. ರಾಮನಗರದವರು ನವೆಂಬರಿನಲ್ಲಿ ಪುನಃ ಸಾಲಿನಲ್ಲಿ ನಿಲ್ಲಬೇಕಾಯಿತು. ಮತದಾನಕ್ಕೆ ಎರಡು ದಿನ ಉಳಿದಿರುವಾಗ ಎದುರಾಳಿ ಪಕ್ಷದ ಉಮೇದುವಾರರು ಕಣದಿಂದ ಹಿಂದೆ ಸರಿದರು. ಅನಿತಾ ಕುಮಾರಸ್ವಾಮಿಯವರು ಲಕ್ಷ ಮತಗಳನ್ನು ಮೀರಿದ ಅಂತರದಿಂದ ಗೆದ್ದರು. ಚನ್ನಪಟ್ಟಣಕ್ಕೂ ೨೦೦೯, ೨೦೧೧, ೨೦೨೪ರಲ್ಲಿ, ಎಂದರೆ ಹದಿನೈದು ವರ್ಷಗಳಲ್ಲಿ ಮೂರು ಸಲ, ಉಪಚುನಾವಣೆ ನಡೆಯಿತು. ಮತದಾರನು ಐದು ವರ್ಷಕ್ಕೆಂದು ಕೊಟ್ಟ ಮಾತನ್ನು ನಡುವೆ ಹಿಂದಕ್ಕೆ ಕೊಟ್ಟು ಪುನಃ ಕೇಳಿದಂತಾಯಿತು.

೨೦೨೩ರ ವಿಧಾನಸಭಾ ಚುನಾವಣೆ ಹೊಸದೊಂದು ನಿರೀಕ್ಷೆಯೊಡನೆ ಬಂದಿತು. ಕನಕಪುರದ ಡಿ.ಕೆ. ಶಿವಕುಮಾರರು ಆಗ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರು. ಪಕ್ಷ ಗೆದ್ದರೆ ಅವರೇ ಮುಖ್ಯಮಂತ್ರಿಗಳಾದಾರೆಂಬ ಮಾತು ಈ ಸೀಮೆಯಲ್ಲೆಲ್ಲ ಹಬ್ಬಿತ್ತು. ಕನಕಪುರವು ಅವರಿಗೆ ೧,೨೨,೩೯೨ ಮತಗಳ ಅಂತರವನ್ನು ಕೊಟ್ಟಿತು. ಮಾಗಡಿಯಲ್ಲಿ ಎಚ್.ಸಿ. ಬಾಲಕೃಷ್ಣ ಅವರು ಗೆದ್ದರು. ಪಕ್ಷ ಬದಲಿಸಿ ಕಾಂಗ್ರೆಸ್ಸಿಗೆ ಬಂದು ೨೦೧೮ರಲ್ಲಿ ಸೋತಿದ್ದವರನ್ನು ಮಾಗಡಿಯ ಮತದಾರರು ಐದು ವರ್ಷ ಕಾಯಿಸಿ ಮತ್ತೆ ಸ್ವೀಕರಿಸಿದರು. ರಾಮನಗರದಲ್ಲಿ ೨೦೧೮ರಲ್ಲಿ ಸೋತಿದ್ದ ಎಚ್.ಎ. ಇಕ್ಬಾಲ್ ಹುಸೇನ್ ಅವರು ಕುಮಾರಸ್ವಾಮಿಯವರ ಮಗ ನಿಖಿಲ್ ಅವರನ್ನು ಸೋಲಿಸಿದರು. ಚನ್ನಪಟ್ಟಣ ಮಾತ್ರ ಕುಮಾರಸ್ವಾಮಿಯವರ ಪಾಲಿಗೆ ಉಳಿಯಿತು. ಮೇ ೨೦ರಂದು ಸಿದ್ದರಾಮಯ್ಯನವರು ಮುಖ್ಯಮಂತ್ರಿಗಳಾಗಿಯೂ ಶಿವಕುಮಾರರು ಉಪಮುಖ್ಯಮಂತ್ರಿಗಳಾಗಿಯೂ ಪ್ರಮಾಣವಚನ ಸ್ವೀಕರಿಸಿದರು.

ಆದರೆ ಒಂದು ಮನೆತನಕ್ಕೆ ಇಲ್ಲವೆಂದವರು ಇನ್ನೊಂದು ಮನೆತನಕ್ಕೆ ಜಹಗೀರು ಬರೆದುಕೊಡಲಿಲ್ಲ. ೨೦೧೯ರಲ್ಲಿ ಇಡೀ ಕರ್ನಾಟಕದಲ್ಲಿ ಕಾಂಗ್ರೆಸ್ಸಿಗೆ ದಕ್ಕಿದ ಏಕೈಕ ಲೋಕಸಭಾಸ್ಥಾನ ಬೆಂಗಳೂರು ಗ್ರಾಮಾಂತರ. ಅದರ ಸದಸ್ಯರು ಶಿವಕುಮಾರರ ತಮ್ಮ ಡಿ.ಕೆ. ಸುರೇಶ್. ಅಣ್ಣ ಉಪಮುಖ್ಯಮಂತ್ರಿಯಾಗಿದ್ದಾಗಲೇ, ೨೦೨೪ರಲ್ಲಿ, ಸುರೇಶ್ ಅವರು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಅವರೆದುರು ೨,೬೯,೬೪೭ ಮತಗಳಿಂದ ಸೋತರು. ಈ ಕ್ಷೇತ್ರದಲ್ಲಿಯೂ ನಗರದ ಭಾಗಗಳು ಬಹಳವಾಗಿ ಸೇರಿವೆಯೆಂಬುದನ್ನು ಮರೆಯುವಂತಿಲ್ಲ. ಡಾಕ್ಟರು ದೇವೇಗೌಡರ ಅಳಿಯಂದಿರೂ ಹೌದು. ಆದರೆ ಮತ ಕೇಳುವಾಗ ಅವರ ಮುಂದೆ ನಡೆದದ್ದು ಬಡರೋಗಿಗಳಿಗೆ ಚಿಕಿತ್ಸೆ ಮಾಡಿದವರೆಂಬ ಹೆಸರು.

ಅದೇ ವರ್ಷ ಕುಮಾರಸ್ವಾಮಿಯವರು ಮಂಡ್ಯದಿಂದ ಲೋಕಸಭೆಗೆ ಹೋದುದರಿಂದ ಚನ್ನಪಟ್ಟಣ ತೆರವಾಯಿತು. ನವೆಂಬರ್ ೧೩ರಂದು ನಡೆದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಸಿ.ಪಿ. ಯೋಗೇಶ್ವರ್ ಅವರು ನಿಖಿಲ್ ಅವರನ್ನು ೨೫,೪೧೩ ಮತಗಳಿಂದ ಸೋಲಿಸಿದರು. ಈ ಸ್ಪರ್ಧೆಯಲ್ಲಿ ಊರೂರಿನಲ್ಲಿ ಕೇಳಿಬಂದ ವಿಷಯ ಕೆರೆಯ ನೀರು. ಶಿಂಷಾ ನದಿಗೆ ಇಗ್ಗಲೂರಿನಲ್ಲಿ ಕಟ್ಟಿದ ಅಣೆಕಟ್ಟೆ ದೇವೇಗೌಡರ ಹೆಸರನ್ನು ಹೊತ್ತಿದೆ. ಅಲ್ಲಿಂದ ನೀರನ್ನೆತ್ತಿ ತಾಲ್ಲೂಕಿನ ಕೆರೆಗಳನ್ನು ತುಂಬಿಸಿದ ಕೀರ್ತಿಯನ್ನು ಯೋಗೇಶ್ವರ್ ಅವರಿಗೆ ಕೊಡುವವರು ಬಹುಮಂದಿ. ಕಟ್ಟೆ ಒಬ್ಬರದು, ಕೆರೆಗೆ ಬಂದ ನೀರು ಇನ್ನೊಬ್ಬರದು ಎಂಬ ಈ ವಾದದಲ್ಲಿ ಎರಡು ಕಡೆಯವರೂ ಸುಳ್ಳು ಹೇಳುತ್ತಿರಲಿಲ್ಲ. ಕೇಳುವವನು ಎರಡನ್ನೂ ಒಪ್ಪಿ, ಈ ಸಲ ಯಾರಿಗೆಂದು ತಾನೇ ತೀರ್ಮಾನಿಸಿದನು. ೨೦೧೮ರಲ್ಲಿಯೂ ೨೦೨೩ರಲ್ಲಿಯೂ ಇದೇ ಚನ್ನಪಟ್ಟಣವು ಯೋಗೇಶ್ವರ್ ಅವರನ್ನು ಬಿಟ್ಟು ಕುಮಾರಸ್ವಾಮಿಯವರನ್ನು ಹಿಡಿದಿತ್ತೆಂಬುದನ್ನು ನೆನೆದರೆ, ಇದು ದ್ವೇಷದ ತೀರ್ಪಾಗಿರಲಿಲ್ಲವೆಂದು ತಿಳಿಯುತ್ತದೆ.

ಈ ಸಂಗತಿಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಎರಡು ತತ್ತ್ವಗಳು ಕಾಣಬರುತ್ತವೆ. ಮೊದಲನೆಯದು, ಮುಖ್ಯಮಂತ್ರಿಯಾಗತಕ್ಕವರಿಗೆ ಈ ಸೀಮೆಯ ಜನ ಸಂತೋಷದಿಂದಲೇ ಮತ ಕೊಡುತ್ತಾರೆ. ಅವರು ಇಲ್ಲಿ ಹುಟ್ಟಿದವರೇ ಆಗಬೇಕೆಂಬ ಹಟವೂ ಅವರಿಗಿಲ್ಲ. ಎರಡನೆಯದು, ಹಾಗೆ ಕೊಟ್ಟ ಮತವನ್ನು ಮಗನಿಗೋ ತಮ್ಮನಿಗೋ ಸಲ್ಲುವ ಪಿತ್ರಾರ್ಜಿತವೆಂದು ಅವರು ಒಪ್ಪುವುದಿಲ್ಲ. ಒಮ್ಮೊಮ್ಮೆ ಕೊಟ್ಟಿದ್ದಾರೆ, ಒಮ್ಮೊಮ್ಮೆ ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಹಣ, ಜಾತಿ, ಪಕ್ಷಗಳ ಬಲ ಈ ಚುನಾವಣೆಗಳಲ್ಲಿ ಇರಲಿಲ್ಲವೆಂದು ಹೇಳಿದರೆ ಅದು ಮುಖಸ್ತುತಿಯಾದೀತು. ಅವು ಇದ್ದವು, ಇವೆ. ಆದರೆ ಅವುಗಳೇ ಎಲ್ಲವನ್ನೂ ನಿರ್ಣಯಿಸುವುದಾಗಿದ್ದರೆ ೧೯೯೮, ೨೦೦೪, ೨೦೨೩, ೨೦೨೪ರ ಫಲಿತಾಂಶಗಳು ಈಗಿರುವಂತೆ ಇರುತ್ತಿರಲಿಲ್ಲ.

ಮುಂದೆ ಈ ತಾಲ್ಲೂಕುಗಳಲ್ಲಿ ನಿಲ್ಲುವ ಉಮೇದುವಾರರು ಯಾವ ಮನೆಯಿಂದಲೇ ಬರಲಿ, ವಿಧಾನಸೌಧದ ಮೆಟ್ಟಿಲನ್ನು ತೋರಿಸಿ ಮತ ಕೇಳುವುದಂತೂ ತಪ್ಪುವುದಿಲ್ಲ. ಆ ಮೆಟ್ಟಿಲು ಈ ಜನಕ್ಕೆ ಹೊಸದಲ್ಲ. ಅದನ್ನು ಕಟ್ಟಿಸಿದವರನ್ನು ಮೊದಲು ಆರಿಸಿ ಕಳುಹಿಸಿದವರೇ ಇವರು. ಮೇಲೇರಿದವರು ಊರನ್ನು ನಡುವೆ ಬಿಟ್ಟುಹೋಗದೆ ಐದು ವರ್ಷ ನಿಲ್ಲುವರೋ, ಕೆರೆಗೆ ನೀರು ಬರುವುದೋ ಎಂದು ಇವರು ಕೇಳುವರು. ರಾಷ್ಟ್ರಪತಿಯ ಚುನಾವಣೆಯಲ್ಲಿ ೧೩೧ ಎಂಬ ಬೆಲೆಯ ಚೀಟಿಯನ್ನು ಹಾಕುವ ಶಾಸಕನು ಕೂಡ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಹೇಳಿಯೇ 그 ಸಭೆಗೆ ಹೋಗಬೇಕಾಗಿದೆ.